ಹೋಮ್ ಥಿಯೇಟರ್‌ಗೆ ಚಿಕ್ಕ ಸ್ಪೀಕರ್ ಆರಿಸುವುದು: ಕೋಣೆಯ ಅಳತೆಯಿಂದ ರಿಸೀವರ್ ಸೆಟ್ಟಿಂಗ್‌ವರೆಗೆ

ಹೋಮ್ ಥಿಯೇಟರ್‌ಗೆಂದು ಚಿಕ್ಕ ಸ್ಪೀಕರ್‌ಗಳನ್ನು ಕೊಂಡವರಿಂದ ಪದೇ ಪದೇ ಕೇಳಿಬರುವ ದೂರುಗಳು ಮೂರು. ಅಂಗಡಿಯಲ್ಲಿ ಸ್ಪಷ್ಟವಾಗಿದ್ದ ಮಾತು ಮನೆಯಲ್ಲಿ ತಿಳಿಯುವುದಿಲ್ಲ. ಮಾತಿಗಾಗಿ ವಾಲ್ಯೂಮ್ ಏರಿಸಿದರೆ ಹಾಡು, ಹೊಡೆದಾಟ ಬಂದಾಗ ಕಿವಿಗೆ ಚುಚ್ಚುತ್ತದೆ. ಖಳನಾಯಕನ ದನಿ ಅರ್ಧ ಟಿ.ವಿ.ಯಿಂದ, ಇನ್ನರ್ಧ ಸಬ್‌ವೂಫರ್ (ಕೆಳಸ್ವರಗಳಿಗೆಂದೇ ಇರುವ ದೊಡ್ಡ ಸ್ಪೀಕರ್) ಇಟ್ಟ ಮೂಲೆಯಿಂದ ಬರುತ್ತದೆ. ಈ ಮೂರಕ್ಕೂ ಬಹುಪಾಲು ಕಾರಣ ಆಯ್ಕೆಯ ಕ್ರಮ ತಲೆಕೆಳಗಾಗಿರುವುದು. ಮೊದಲು ವ್ಯಾಟ್ ಮತ್ತು ಬೆಲೆ, ಆಮೇಲೆ ಡಬ್ಬಿಯ ಚಂದ, ಕೊನೆಗೆ ಇಡಲು ಜಾಗ ಎಂಬ ಕ್ರಮದಲ್ಲಿ ಹೋದವರಿಗೆ ಒಳ್ಳೆಯ ಸ್ಪೀಕರ್ ಸಿಕ್ಕರೂ ಒಳ್ಳೆಯ ಶಬ್ದ ಸಿಗುವುದಿಲ್ಲ.

ಮೊದಲು ಕೋಣೆ, ಆಮೇಲೆ ಸಬ್‌ವೂಫರ್‌ಗೂ ಸ್ಪೀಕರ್‌ಗೂ ನಡುವಿನ ಗಡಿ, ನಂತರ ಮಧ್ಯದ ಸ್ಪೀಕರ್, ಅದಾದ ಮೇಲೆ ಉಳಿದದ್ದು ಎಂಬ ಕ್ರಮವನ್ನು ಇಲ್ಲಿ ಅನುಸರಿಸಲಾಗಿದೆ. ಎ.ವಿ. ರಿಸೀವರ್ (ಸಿನಿಮಾದ ಸದ್ದನ್ನು ಬಿಡಿಸಿ ಸ್ಪೀಕರ್‌ಗಳಿಗೆ ಹಂಚುವ ಆ್ಯಂಪ್ಲಿಫೈಯರ್) ಇಟ್ಟುಕೊಂಡು ಸ್ಪೀಕರ್‌ಗಳನ್ನು ಬಿಡಿಬಿಡಿಯಾಗಿ ಆರಿಸಿ 5.1 ವ್ಯವಸ್ಥೆ (ಮುಂದೆ ಎಡ, ಮಧ್ಯ, ಬಲ; ಪಕ್ಕಕ್ಕೆ ಅಥವಾ ಹಿಂದೆ ಎರಡು ಸರೌಂಡ್; ಜೊತೆಗೊಂದು ಸಬ್‌ವೂಫರ್) ಕಟ್ಟುವವರಿಗೆ ಇದು ಉಪಯುಕ್ತ. ಸೌಂಡ್‌ಬಾರ್ ಕೊಳ್ಳುವವರಿಗೆ ಇದರಲ್ಲಿ ಹೆಚ್ಚೇನೂ ಇಲ್ಲ.

ಮೊದಲೇ ಕೈಯಲ್ಲಿರಬೇಕಾದ ಸಾಮಗ್ರಿ

ಅಳತೆಯ ಟೇಪು, ಪುಸ್ತಕ ಮತ್ತು ಪೆನ್ನು, ಬಣ್ಣದ ಅಂಟುಪಟ್ಟಿ, ಒಂದೆರಡು ಖಾಲಿ ರಟ್ಟಿನ ಪೆಟ್ಟಿಗೆ, 1.5 ವೋಲ್ಟ್‌ನ ಪೆನ್ಸಿಲ್ ಸೆಲ್, ಶಬ್ದದ ಮಟ್ಟ ತೋರಿಸುವ ಆ್ಯಪ್ ಹಾಕಿಕೊಂಡ ಮೊಬೈಲ್, ನಿಮಗೆ ಬಾಯಿಪಾಠವಾಗಿರುವ ಎರಡು ಮೂರು ಸಿನಿಮಾ ದೃಶ್ಯಗಳಿರುವ ಪೆನ್‌ಡ್ರೈವ್. ಮಲ್ಟಿಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಆ್ಯಪ್ ತೋರಿಸುವ ಅಂಕಿಯನ್ನು ನಿಖರವೆಂದು ನಂಬಬೇಡಿ. ಎರಡು ಸದ್ದುಗಳ ನಡುವಿನ ವ್ಯತ್ಯಾಸ ತಿಳಿಯುವುದಕ್ಕಷ್ಟೇ ಅದು ಸಾಕು.

ಹಂತ 1: ಕೋಣೆಯನ್ನೂ ಕೂರುವ ಜಾಗವನ್ನೂ ಅಳೆಯಿರಿ

ಕೋಣೆಯ ಉದ್ದ, ಅಗಲ, ಎತ್ತರಗಳನ್ನು ಬರೆದುಕೊಳ್ಳಿ. ಪರದೆಯಿಂದ ನಿಮ್ಮ ಕಿವಿಗೆ ಎಷ್ಟು ದೂರ, ಕೂತಾಗ ಕಿವಿ ನೆಲದಿಂದ ಎಷ್ಟು ಎತ್ತರ, ತಲೆಯ ಹಿಂದಿನ ಗೋಡೆ ಎಷ್ಟು ಅಂತರದಲ್ಲಿದೆ ಎಂಬ ಮೂರು ಅಳತೆಗಳು ಕೋಣೆಯ ಅಳತೆಗಿಂತಲೂ ಮುಖ್ಯ. ಎಡ ಬಲ ಸ್ಪೀಕರ್‌ಗಳು ಕೂರುವ ಜಾಗದಿಂದ ನೋಡಿದಾಗ ನಡುಗೆರೆಯಿಂದ ತಲಾ 22ರಿಂದ 30 ಡಿಗ್ರಿ ಕೋನದಲ್ಲಿರಬೇಕು. ನೀವು 8 ಅಡಿ ದೂರದಲ್ಲಿ ಕೂರುವುದಾದರೆ ಅವೆರಡರ ನಡುವಿನ ಅಂತರ ಸುಮಾರು ಆರೂವರೆ ಅಡಿಯಿಂದ ಒಂಬತ್ತು ಅಡಿಯವರೆಗೆ ಬರುತ್ತದೆ. ಅಷ್ಟು ಅಗಲ ಸಿಗದಿದ್ದರೆ ಸೋಫಾವನ್ನು ಮುಂದಕ್ಕೆ ತರಬೇಕೇ ಹೊರತು, ಸ್ಪೀಕರ್‌ಗಳನ್ನು ಟಿ.ವಿ.ಯ ಅಂಚಿಗೆ ಒತ್ತಿ ಇಡುವುದು ಪರಿಹಾರವಲ್ಲ.

10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಆರ್‌ಸಿಸಿ ಕೋಣೆಯನ್ನು ತೆಗೆದುಕೊಳ್ಳೋಣ. ಎದುರುಬದುರು ಗೋಡೆಗಳ ನಡುವೆ ನಿಲ್ಲುವ ಕೆಳಸ್ವರದ ಕಂಪನಾಂಕವನ್ನು (ಸೆಕೆಂಡಿಗೆ ಎಷ್ಟು ಕಂಪನ ಎಂಬುದು, ಅಳತೆ ಹರ್ಟ್ಸ್) ಶಬ್ದದ ವೇಗವನ್ನು ಅಂತರದ ಎರಡು ಪಟ್ಟಿನಿಂದ ಭಾಗಿಸಿ ತಿಳಿಯಬಹುದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಆ ಲೆಕ್ಕದಲ್ಲಿ 12 ಅಡಿಗೆ ಸುಮಾರು 47 ಹರ್ಟ್ಸ್, 10 ಅಡಿಗೆ ಸುಮಾರು 56 ಹರ್ಟ್ಸ್ ಬರುತ್ತದೆ. (ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಇದು ಒಂದೆರಡು ಹರ್ಟ್ಸ್ ಮೇಲೇರುತ್ತದೆ, ಚಿಂತಿಸಬೇಕಾದಷ್ಟಲ್ಲ.) ಗಮನಿಸಬೇಕಾದ್ದು, ಅಗಲವೂ ಎತ್ತರವೂ ಒಂದೇ ಆದ್ದರಿಂದ ಎರಡೂ 56 ಹರ್ಟ್ಸ್‌ನಲ್ಲೇ ಒಟ್ಟಾಗಿ ಗುಂಯ್‌ಗುಡುತ್ತವೆ. ಇಂಥ ಕೋಣೆಗೆ ದೊಡ್ಡ ಬಾಸ್ (ಕೆಳಸ್ವರ) ಇರುವ ಸ್ಪೀಕರ್ ತಂದರೆ ಗುಂಯ್ ಹೆಚ್ಚುತ್ತದೆ. ಚಿಕ್ಕ ಸ್ಪೀಕರ್‌ಗಳ ಜೊತೆ ಬೇಕಾದಲ್ಲಿ ಸರಿಸಬಹುದಾದ ಒಂದು ಸಬ್‌ವೂಫರ್ ಇಡುವುದು ಇಲ್ಲಿ ಜಾಗ ಉಳಿಸುವ ರಾಜಿಯಲ್ಲ, ಶಬ್ದದ ದೃಷ್ಟಿಯಿಂದಲೇ ಒಳ್ಳೆಯ ದಾರಿ.

ಸೋಫಾವನ್ನು ಹಿಂಗೋಡೆಗೆ ಆನಿಸಿ ಇಡುವುದು ನಮ್ಮ ಮನೆಗಳ ರೂಢಿ. ಗೋಡೆಯ ಬಳಿ ಬಾಸ್ ಉಬ್ಬುವುದರಿಂದ ಒಂದು ಒಂದೂವರೆ ಅಡಿಯಾದರೂ ಮುಂದೆ ಸರಿಸಿದರೆ ಮಾತು ಎಷ್ಟೋ ತಿಳಿಯಾಗುತ್ತದೆ.

ಹಂತ 2: ಕೋಣೆಯ ಸದ್ದನ್ನು ಕೇಳಿರಿ

ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಚಪ್ಪಾಳೆಯ ಹಿಂದೆಯೇ ಟರ್‍ರ್ ಎಂಬ ನಡುಕದ ಬಾಲ ಕೇಳಿಸಿದರೆ ಎದುರುಬದುರಿನ ಬರಿಗೋಡೆಗಳು ಶಬ್ದವನ್ನು ಒಂದರಿಂದೊಂದಕ್ಕೆ ಎಸೆಯುತ್ತಿವೆ ಎಂದರ್ಥ. ಗ್ರಾನೈಟ್ ಅಥವಾ ಟೈಲ್ಸ್ ನೆಲ, ಸಿಮೆಂಟಿನ ಗೋಡೆ, ಗಾಜಿನ ಕಿಟಕಿ, ಮೇಲೆ ಸ್ಲ್ಯಾಬ್ ಇರುವ ಕಡೆ ಇದು ಖಂಡಿತ ಇರುತ್ತದೆ. ನೆಲಕ್ಕೆ ಜಮಖಾನೆ, ಕಿಟಕಿಗೆ ದಪ್ಪ ಪರದೆ, ಪಕ್ಕದ ಗೋಡೆಗೆ ಅಜ್ಜಿ ಹೊಲಿದ ಕೌದಿಯೊಂದನ್ನು ತೂಗುಹಾಕಿ ಮತ್ತೆ ಚಪ್ಪಾಳೆ ತಟ್ಟಿ ನೋಡಿ. ಹೊಸ ಸ್ಪೀಕರ್‌ಗೆ ಹೆಚ್ಚು ಹಣ ಸುರಿಯುವ ಮೊದಲು ಮಾಡಬೇಕಾದ ಕೆಲಸ ಇದು; ಇದಕ್ಕೆ ಖರ್ಚೂ ಇಲ್ಲ.

ಹಳೆಯ ಮಾಳಿಗೆ ಮನೆಗಳಲ್ಲಿ ತೊಂದರೆ ಬೇರೆ. ಮರದ ತೊಲೆ, ಮಣ್ಣಿನ ಮಾಳಿಗೆ ಮತ್ತು ದಪ್ಪ ಗೋಡೆಗಳಿಂದ ಶಬ್ದ ಚೆನ್ನಾಗಿ ಅಡಗುತ್ತದೆ, ಆದರೆ ಮೇಲಿನಿಂದ ಮಣ್ಣು ಉದುರುತ್ತದೆ. ಅಂಥಲ್ಲಿ ಮುಂಭಾಗದ ಬಟ್ಟೆಯ ಜಾಲರಿ ಇಲ್ಲದ ಸ್ಪೀಕರ್‌ಗಳನ್ನು ಪರಿಗಣಿಸಲೇಬೇಡಿ.

ಮುಂದೆ ಫ್ಯಾನ್ ಮತ್ತು ಕೂಲರ್ ಎರಡನ್ನೂ ಹಾಕಿ, ಕೂರುವ ಜಾಗದಲ್ಲಿ ಮೊಬೈಲ್ ಹಿಡಿದು ಶಬ್ದದ ಮಟ್ಟ ನೋಡಿ. ಎರಡನ್ನೂ ಆರಿಸಿ ಮತ್ತೆ ನೋಡಿ. ಬಳ್ಳಾರಿ, ರಾಯಚೂರು, ಕೊಪ್ಪಳಗಳಲ್ಲಿ ಫೆಬ್ರುವರಿ ಕಳೆದರೆ ಕೂಲರ್ ಇಲ್ಲದೆ ಎರಡೂವರೆ ತಾಸು ಸಿನಿಮಾ ನೋಡಲಾಗದು. ಕೂಲರ್‌ನ ಮೊರೆತ ಮಾತಿನ ವ್ಯಂಜನಗಳನ್ನೇ ಮೊದಲು ನುಂಗುತ್ತದೆ. ಎರಡು ಅಳತೆಗಳ ನಡುವಿನ ವ್ಯತ್ಯಾಸ 15 ಡೆಸಿಬೆಲ್ ದಾಟಿದರೆ, ಆರಿಸುವ ಸ್ಪೀಕರ್‌ಗಳು ಇನ್ನಷ್ಟು ಜೋರಾಗಿ, ಆದರೆ ಕರ್ಕಶವಾಗದೆ ನುಡಿಯಬಲ್ಲವಾಗಿರಬೇಕು. ಬೆರಳುದ್ದದ ಸ್ಪೀಕರ್‌ಗಳು ಅಲ್ಲಿಗೆ ಆಯ್ಕೆಯಿಂದ ಹೊರಬಿದ್ದಂತೆಯೇ.

ಹಂತ 3: ಎಷ್ಟು ಚಿಕ್ಕದು ಸಾಕು ಎಂಬುದನ್ನು ಗಡಿಯಿಂದ ತೀರ್ಮಾನಿಸಿ

ಹೆಚ್ಚು ಜನ ಸೋಲುವುದು ಇಲ್ಲೇ. ಚಿಕ್ಕ ಸ್ಪೀಕರ್ ಕೆಳಸ್ವರಗಳನ್ನು ನುಡಿಸಲಾರದು. ಅವನ್ನು ರಿಸೀವರ್ ಸಬ್‌ವೂಫರ್‌ಗೆ ಕಳಿಸುತ್ತದೆ. ಎಷ್ಟು ಹರ್ಟ್ಸ್‌ನಿಂದ ಕೆಳಗೆ ಕಳಿಸಬೇಕು ಎಂಬ ಗಡಿಗೆ ಕ್ರಾಸ್‌ಓವರ್ ಎನ್ನುತ್ತಾರೆ. ಸಿನಿಮಾ ಶಬ್ದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಗಡಿ 80 ಹರ್ಟ್ಸ್. ಅದಕ್ಕಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿ ಸುಲಭವಾಗಿ ಗುರುತಿಸುವುದಿಲ್ಲ. ಗಡಿ 120 ಹರ್ಟ್ಸ್ ದಾಟಿದಂತೆಲ್ಲ ಸಬ್‌ವೂಫರ್ ಇರುವ ಮೂಲೆ ಗೊತ್ತಾಗತೊಡಗುತ್ತದೆ.

ವಯಸ್ಕ ಗಂಡಸಿನ ದನಿಯ ಮೂಲಸ್ವರ ಸುಮಾರು 85ರಿಂದ 180 ಹರ್ಟ್ಸ್ ನಡುವೆ ಇರುತ್ತದೆ. ಎರಡೂವರೆ ಮೂರು ಇಂಚಿನ ಕೋನ್ (ಕಂಪಿಸಿ ಸದ್ದು ಹೊರಡಿಸುವ ಬಟ್ಟಲಿನಾಕಾರದ ಹಾಳೆ) ಇರುವ ಚಿಕ್ಕ ಡಬ್ಬಿಗಳಿಗೆ ಗಡಿಯನ್ನು 150 ಹರ್ಟ್ಸ್ ಅಥವಾ ಅದಕ್ಕೂ ಮೇಲೆ ಇಡಬೇಕಾಗುತ್ತದೆ. ಆಗ ದಪ್ಪ ದನಿಯ ನಟನ ಮಾತಿನ ಬುಡ ಸಬ್‌ವೂಫರ್‌ಗೂ ತುದಿ ಟಿ.ವಿ. ಪಕ್ಕದ ಸ್ಪೀಕರ್‌ಗೂ ಹಂಚಿಹೋಗುತ್ತದೆ. ಫ್ರಿಜ್ ಪಕ್ಕದ ಮೂಲೆಯಿಂದ ಖಳನಾಯಕ ಗೊಣಗಿದಂತೆ ಕೇಳುವುದು ಇದೇ ಕಾರಣಕ್ಕೆ. ಗಡಿಯನ್ನು ಬಲವಂತವಾಗಿ 80ಕ್ಕೆ ಇಳಿಸಿದರೆ ನಡುವಿನ ಸ್ವರಗಳನ್ನು ಯಾರೂ ನುಡಿಸದೆ ಮಾತು ಸೊರಗುತ್ತದೆ. ಜೋರು ಮಾಡಿದರೆ ಚಿಕ್ಕ ಕೋನ್ ತನ್ನ ಮಿತಿ ಮೀರಿ ಆಡಿ ಕಟಕಟ ಎನ್ನುತ್ತದೆ. ಒಂದೇ ಮಟ್ಟದ ಸದ್ದಿಗೆ ಕಂಪನಾಂಕ ಅರ್ಧಕ್ಕೆ ಇಳಿದರೆ ಕೋನ್ ನಾಲ್ಕು ಪಟ್ಟು ದೂರ ಆಡಬೇಕಾಗುತ್ತದೆ ಎಂಬುದನ್ನು ನೆನಪಿಟ್ಟರೆ ಇದು ಏಕೆಂದು ತಿಳಿಯುತ್ತದೆ.

ಆದ್ದರಿಂದ ಕೊಳ್ಳುವ ಮೊದಲು ಸ್ಪೀಕರ್‌ನ ವಿವರಪಟ್ಟಿಯಲ್ಲಿ ಕೆಳಮಿತಿಯನ್ನು ಹುಡುಕಿ. «65 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ±3 ಡೆಸಿಬೆಲ್» ಎಂಬಂತೆ ಬರೆದಿದ್ದರೆ ಅದು ಅರ್ಥವುಳ್ಳ ಮಾಹಿತಿ. ಡೆಸಿಬೆಲ್ ಮಿತಿಯಿಲ್ಲದೆ ಬರಿಯ ಹರ್ಟ್ಸ್ ಬರೆದಿದ್ದರೆ ಅದನ್ನು ಜಾಹೀರಾತೆಂದೇ ತಿಳಿಯಿರಿ; 10 ಡೆಸಿಬೆಲ್ ಕುಸಿದ ಜಾಗವನ್ನೂ ಕೆಲವರು ಕೆಳಮಿತಿ ಎಂದು ಅಚ್ಚು ಹಾಕುತ್ತಾರೆ. ಕೆಳಮಿತಿಗಿಂತ ಗಡಿ ಸ್ವಲ್ಪ ಮೇಲೆಯೇ ಇರಲಿ: 65ರ ಸ್ಪೀಕರ್‌ಗೆ 80ರಿಂದ 100, 80ರ ಸ್ಪೀಕರ್‌ಗೆ 100ರಿಂದ 120. ಗಡಿಯನ್ನು 120ಕ್ಕಿಂತ ಮೇಲಿಡಬೇಕಾಗುವ ಸ್ಪೀಕರ್ ಮುಂಭಾಗದ ಮೂರು ಜಾಗಗಳಿಗೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ವ್ಯವಹಾರದಲ್ಲಿ ಇದರ ಅರ್ಥ, ನಾಲ್ಕರಿಂದ ಐದೂಕಾಲು ಇಂಚಿನ ಕೋನ್ ಇರುವ, ಸುಮಾರು ಒಂದಡಿ ಎತ್ತರದ ಬುಕ್‌ಶೆಲ್ಫ್ ಮಾದರಿ. ಐದೂಕಾಲು ಇಂಚಿನ ಕೋನ್‌ನ ಹರವು ಮೂರು ಇಂಚಿನದಕ್ಕಿಂತ ಸುಮಾರು ಮೂರು ಪಟ್ಟು. ಡಬ್ಬಿಯ ಗಾತ್ರದಲ್ಲಿ ಕಾಣುವ ಸಣ್ಣ ವ್ಯತ್ಯಾಸ ಮಾತಿನಲ್ಲಿ ದೊಡ್ಡದಾಗುತ್ತದೆ.

ರಟ್ಟಿನ ಪೆಟ್ಟಿಗೆಗಳ ಕೆಲಸ ಈಗ ಬರುತ್ತದೆ. ಆ ಅಳತೆಗೆ ಪೆಟ್ಟಿಗೆ ಕತ್ತರಿಸಿ, ಸ್ಪೀಕರ್ ಇಡುವ ಜಾಗದಲ್ಲಿ ಒಂದೆರಡು ದಿನ ಇಟ್ಟು ನೋಡಿ. «ಇಷ್ಟು ದೊಡ್ಡದೇ?» ಎಂದು ಮನೆಯವರಿಂದ ಬರುವ ಆಕ್ಷೇಪ ಹಣ ಕೊಡುವ ಮೊದಲೇ ಬರಲಿ.

ಡಬ್ಬಿಯ ಹಿಂದೆ ಗಾಳಿ ಹೋಗುವ ತೂತು ಇದೆಯೇ ಎಂದೂ ನೋಡಬೇಕು. ಹಿಂದೆ ತೂತಿರುವುದನ್ನು ಗೋಡೆಗೆ ಒತ್ತಿಟ್ಟರೆ ಬಾಸ್ ಗೊಜಗೊಜವಾಗುತ್ತದೆ. ಗೋಡೆಗೆ ನೇತುಹಾಕುವವರಿಗೆ ಪೂರ್ತಿ ಮುಚ್ಚಿದ ಡಬ್ಬಿ, ಇಲ್ಲವೇ ಮುಂಭಾಗದಲ್ಲಿ ತೂತಿರುವ ಡಬ್ಬಿ ಒಳ್ಳೆಯದು. ಮುಚ್ಚಿದ ಡಬ್ಬಿಯ ಬಾಸ್ ಮೆಲ್ಲಗೆ ಇಳಿಯುವುದರಿಂದ ಸಬ್‌ವೂಫರ್ ಜೊತೆ ಬೆಸುಗೆಯೂ ಸಲೀಸು.

ಹಂತ 4: ಮಧ್ಯದ ಸ್ಪೀಕರ್ ಮೊದಲು, ಉಳಿದವು ಆಮೇಲೆ

5.1 ಸಿನಿಮಾದಲ್ಲಿ ಮಾತಿನ ಬಹುಭಾಗ ಮಧ್ಯದ ಸ್ಪೀಕರ್‌ನಿಂದಲೇ ಬರುತ್ತದೆ. ಹೀಗಿದ್ದೂ ಹಣ ಉಳಿಸಲು ಜನ ಕೈಹಾಕುವುದು ಅದಕ್ಕೇ. ಮಧ್ಯದ ಸ್ಪೀಕರ್ ಎಡ ಬಲಗಳ ಕಂಪನಿಯದೇ, ಅದೇ ಸಾಲಿನದೇ ಆಗಿರಲಿ, ಟ್ವೀಟರ್ (ಮೇಲ್ಸ್ವರ ನುಡಿಸುವ ಪುಟ್ಟ ಘಟಕ) ಒಂದೇ ಬಗೆಯದಾಗಿರಲಿ. ಇಲ್ಲದಿದ್ದರೆ ಕಾರೊಂದು ಪರದೆಯ ಎಡದಿಂದ ಬಲಕ್ಕೆ ಹೋಗುವಾಗ ನಡುವೆ ಅದರ ಸದ್ದೇ ಬದಲಾಗುತ್ತದೆ.

ಟಿ.ವಿ. ಕೆಳಗೆ ಅಡ್ಡಲಾಗಿ ಮಲಗಿಸುವ, ನಡುವೆ ಟ್ವೀಟರ್ ಹಾಗೂ ಎರಡೂ ಬದಿಗೆ ಒಂದೊಂದು ವೂಫರ್ (ಕೆಳ ಮತ್ತು ನಡು ಸ್ವರ ನುಡಿಸುವ ದೊಡ್ಡ ಕೋನ್) ಇರುವ ಮಾದರಿಯೇ ಅಂಗಡಿಗಳಲ್ಲಿ ಹೆಚ್ಚು. ಎದುರಿಗೆ ನೇರ ಕೂತವರಿಗೆ ಅದು ಸರಿ. ಬದಿಗೆ ಕೂತವರಿಗೆ ಎರಡು ವೂಫರ್‌ಗಳ ಸದ್ದು ಬೇರೆ ಬೇರೆ ಹೊತ್ತಿಗೆ ತಲುಪಿ ಒಂದನ್ನೊಂದು ಅಳಿಸುತ್ತದೆ, ಅದೂ ಮಾತಿನ ಸ್ವರಗಳಲ್ಲೇ. ಮನೆಯಲ್ಲಿ ಐದಾರು ಜನ ಸೋಫಾದ ಮೇಲೂ ನೆಲದ ಮೇಲೂ ಹರಡಿ ಕೂತು ನೋಡುವುದಾದರೆ, ಎಡ ಬಲಗಳಿಗೆ ಕೊಂಡ ಬುಕ್‌ಶೆಲ್ಫ್‌ನದೇ ಮೂರನೆಯದನ್ನು ನೆಟ್ಟಗೆ ನಿಲ್ಲಿಸಲು ಜಾಗವಿದೆಯೇ ಎಂದು ಮೊದಲು ನೋಡಿ. ಅಂಗಡಿಯವರು ಜೋಡಿಯಾಗಿಯೇ ಮಾರುತ್ತೇವೆ ಎಂದರೆ ನಾಲ್ಕನೆಯದು ಮುಂದೆ ಸರೌಂಡ್‌ಗೆ ಬರುತ್ತದೆ.

ಹಿಂದಿನ ಸರೌಂಡ್ ಸ್ಪೀಕರ್‌ಗಳ ವಿಷಯದಲ್ಲಿ ಇಷ್ಟು ಬಿಗಿ ಬೇಡ. ಕೂರುವ ಜಾಗದ ಪಕ್ಕಕ್ಕೆ ಅಥವಾ ತುಸು ಹಿಂದೆ, 90ರಿಂದ 110 ಡಿಗ್ರಿ ಕೋನದಲ್ಲಿ, ಕಿವಿಗಿಂತ ಒಂದೆರಡು ಅಡಿ ಮೇಲೆ ಇಡಲಾಗುವ ಯಾವುದೇ ಅಚ್ಚುಕಟ್ಟಾದ ಚಿಕ್ಕ ಸ್ಪೀಕರ್ ನಡೆಯುತ್ತದೆ. ಹಣ ಉಳಿಸುವುದಿದ್ದರೆ ಇಲ್ಲಿ ಉಳಿಸಿ.

ಹಂತ 5: ವಿವರಪಟ್ಟಿಯನ್ನು ಓದುವ ಬಗೆ

ವ್ಯಾಟ್ ಸಂಖ್ಯೆಯನ್ನು ಕೊನೆಗೆ ನೋಡಿ. ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂದು ಬರೆದ ಸಾವಿರಾರು ವ್ಯಾಟ್‌ಗೆ ಅರ್ಥವಿಲ್ಲ. ಆರ್‌ಎಂಎಸ್ (ನಿರಂತರ ನಡೆಯುವ ಶಕ್ತಿ) ಎಂದು ಬರೆದದ್ದನ್ನು ಮಾತ್ರ ಪರಿಗಣಿಸಿ. ಮೊದಲು ನೋಡಬೇಕಾದ್ದು ಸೆನ್ಸಿಟಿವಿಟಿ, ಅಂದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂಬುದು.

86 ಡೆಸಿಬೆಲ್‌ನ ಸ್ಪೀಕರ್‌ನಿಂದ ಮೂರು ಮೀಟರ್ ದೂರ ಕೂತರೆ, ಬಯಲಿನ ಲೆಕ್ಕದಲ್ಲಿ ಸುಮಾರು ಒಂಬತ್ತೂವರೆ ಡೆಸಿಬೆಲ್ ಕಳೆದು 76.5 ಉಳಿಯುತ್ತದೆ. ಸಿನಿಮಾದ ಆಸ್ಫೋಟಕ್ಕೆ 95 ಡೆಸಿಬೆಲ್ ಬೇಕೆಂದರೆ ಇನ್ನೂ ಹದಿನೆಂಟೂವರೆ ಬೇಕು, ಅದಕ್ಕೆ ಸುಮಾರು 70 ವ್ಯಾಟ್. ಸೆನ್ಸಿಟಿವಿಟಿ 83 ಆಗಿದ್ದರೆ ಅದೇ ಸದ್ದಿಗೆ 140 ವ್ಯಾಟ್ ಬೇಕು, ಏಕೆಂದರೆ ಪ್ರತಿ ಮೂರು ಡೆಸಿಬೆಲ್‌ಗೆ ಶಕ್ತಿ ಇಮ್ಮಡಿಯಾಗಬೇಕು. ಕೋಣೆಯ ಗೋಡೆಗಳು ಸದ್ದನ್ನು ಹಿಂದಿರುಗಿಸುವುದರಿಂದ ವಾಸ್ತವದಲ್ಲಿ ಇಷ್ಟು ಬೇಕಾಗದಿದ್ದರೂ ಹೋಲಿಕೆಗೆ ಲೆಕ್ಕ ಸರಿಯಾಗಿಯೇ ಇದೆ. ಡಬ್ಬಿ ಚಿಕ್ಕದಾದಷ್ಟೂ, ಬಾಸ್ ಆಳವಾದಷ್ಟೂ ಸೆನ್ಸಿಟಿವಿಟಿ ಇಳಿಯುತ್ತದೆ. ಮೂರನ್ನೂ ಒಟ್ಟಿಗೆ ಕೊಡುತ್ತೇವೆಂದು ಹೇಳುವ ವಿವರಪಟ್ಟಿಯನ್ನು ಅನುಮಾನಿಸಿ.

ಇಂಪೀಡೆನ್ಸ್ (ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆ) 6 ಅಥವಾ 8 ಓಮ್ ಇರಲಿ. ರಿಸೀವರ್‌ನ ಹಿಂಭಾಗದಲ್ಲಿ «6 ಓಮ್‌ಗಿಂತ ಕಡಿಮೆ ಬೇಡ» ಎಂದಿದ್ದರೆ 4 ಓಮ್ ಸ್ಪೀಕರ್ ಹಾಕಬೇಡಿ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ರಿಸೀವರ್ ಕಾದು, ಸಿನಿಮಾದ ನಡುವೆ ತಾನಾಗಿ ಆರುತ್ತದೆ. ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬಂದ ಹಳೆಯ ಸೆಟ್‌ನ ಸ್ಪೀಕರ್‌ಗಳನ್ನು ಬಿಚ್ಚಿ ಹೊಸ ರಿಸೀವರ್‌ಗೆ ಹಾಕುವವರು ಹಿಂದಿನ ಚೀಟಿಯನ್ನು ಓದಲೇಬೇಕು. ಅಂಥ ಕೆಲವು ಸೆಟ್‌ಗಳ ಸ್ಪೀಕರ್ 3 ಓಮ್‌ನದು.

ಹಂತ 6: ಬಿಸಿಲು, ಧೂಳು, ಗೋಡೆ

ಕೋನ್‌ನ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ. ಸ್ಪಂಜಿನಂತಿರುವ ಫೋಮ್ ಅಂಚು ಶಾಖ ಮತ್ತು ತೇವಕ್ಕೆ ಕೆಲವು ವರ್ಷಗಳಲ್ಲಿ ಪುಡಿಯಾಗುತ್ತದೆ. ರಬ್ಬರ್ ಅಂಚು ಹೆಚ್ಚು ಬಾಳುತ್ತದೆ. ಕೂಲರ್‌ನ ತೇವದ ಗಾಳಿ ನೇರವಾಗಿ ಬಡಿಯುವ ಜಾಗದಲ್ಲಿ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಡಬ್ಬಿ ಉಬ್ಬುತ್ತದೆ, ಕಾಗದದ ಕೋನ್ ಮೆತ್ತಗಾಗುತ್ತದೆ. ಅದಿರು ಲಾರಿಗಳು ಓಡಾಡುವ ರಸ್ತೆಯ ಪಕ್ಕದ ಮನೆಗಳಲ್ಲಿ ಕೆಂಪು ಧೂಳು ಎಲ್ಲಕ್ಕೂ ಕೂರುತ್ತದೆಂದು ಹೇಳಬೇಕಿಲ್ಲ. ಜಾಲರಿಯನ್ನು ತೆಗೆಯದೆ, ಒಣ ಬ್ರಷ್‌ನಿಂದ ಮಾತ್ರ ಒರೆಸಿ.

ಗೋಡೆಗೆ ಹಾಕುವುದಾದರೆ ಗೋಡೆ ಯಾವುದರದ್ದೆಂದು ತಿಳಿದುಕೊಳ್ಳಿ. ಇಟ್ಟಿಗೆ, ಕಾಂಕ್ರೀಟ್ ಗೋಡೆಯಲ್ಲಿ ರಾಲ್ ಪ್ಲಗ್ ಗಟ್ಟಿ ಕೂರುತ್ತದೆ. ಮಣ್ಣಿನ ಗಾರೆಯ ಕಲ್ಲುಗೋಡೆಯಲ್ಲಿ ಕೂರುವುದಿಲ್ಲ. ಅಲ್ಲಿ ಸ್ಟ್ಯಾಂಡ್ ಬೇಕು, ಅದರ ಖರ್ಚನ್ನು ಮೊದಲೇ ಸೇರಿಸಿಕೊಳ್ಳಿ.

ಹಂತ 7: ಅಂಗಡಿಯಲ್ಲಿ ಕೇಳುವ ಕ್ರಮ

ಮೊದಲ ಹಾಡು ನಿಮ್ಮದಾಗಿರಲಿ, ಅಂಗಡಿಯವರದ್ದಲ್ಲ. ಮೊದಲು ಸಬ್‌ವೂಫರ್ ಬಂದ್ ಮಾಡಲು ಹೇಳಿ, ವಾರ್ತೆ ಓದುವ ಗಂಡು ದನಿಯೊಂದನ್ನು ಕೇಳಿ. ಎದೆಯಿಂದ ಬಂದಂತೆ ಕೇಳದೆ ಮೂಗಿನಿಂದಷ್ಟೇ ಬಂದಂತೆ ಕೇಳಿದರೆ ಆ ಸ್ಪೀಕರ್ ನಿಮ್ಮ ಗಡಿಗೆ ಸಾಲದು. ಆಮೇಲೆ ಸಬ್‌ವೂಫರ್ ಹಾಕಿಸಿ, ಕಣ್ಣು ಮುಚ್ಚಿ, ಅದೇ ದನಿಯನ್ನು ಕೇಳಿ. ಸಬ್‌ವೂಫರ್ ಎಲ್ಲಿದೆಯೆಂದು ಬೆರಳು ತೋರಿಸಲಾದರೆ ಗಡಿ ಹೆಚ್ಚಾಗಿದೆ. ನಂತರ ಎರಡು ಅಡಿ ಬದಿಗೆ ಸರಿದು ಮಧ್ಯದ ಸ್ಪೀಕರ್‌ನ ಮಾತು ಕೇಳಿ.

ಎರಡು ಸ್ಪೀಕರ್‌ಗಳನ್ನು ಹೋಲಿಸುವಾಗ ಎರಡರ ಸದ್ದಿನ ಮಟ್ಟವನ್ನು ಮೊಬೈಲ್ ಹಿಡಿದು ಸಮ ಮಾಡಿಸಿ. ತುಸು ಜೋರಾಗಿರುವುದೇ ಕಿವಿಗೆ ಚೆನ್ನಾಗಿ ಕೇಳಿಸುತ್ತದೆ, ಮತ್ತು ಮಾರುವವರಿಗೆ ಇದು ಗೊತ್ತಿರುತ್ತದೆ. ಕೊಳ್ಳುವ ಮುನ್ನ ಮನೆಯಲ್ಲಿ ಕೇಳಿ ನೋಡಿ ಹಿಂದಿರುಗಿಸಲು ಎಷ್ಟು ದಿನ ಅವಕಾಶವಿದೆ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.

ಹಂತ 8: ವೈರು ಮತ್ತು ಜೋಡಣೆ

ಮುಂಭಾಗಕ್ಕೆ 1.5 ಚದರ ಮಿ.ಮೀ. ತಾಮ್ರದ ವೈರು ಸಾಕು; ಹಿಂಭಾಗಕ್ಕೆ ನಲವತ್ತು ಐವತ್ತು ಅಡಿ ಎಳೆಯಬೇಕಾದರೆ 2.5 ತೆಗೆದುಕೊಳ್ಳಿ. ಮೇಲೆ ತಾಮ್ರ, ಒಳಗೆ ಅಲ್ಯೂಮಿನಿಯಂ ಇರುವ ವೈರು ಅಗ್ಗವಾಗಿ ಸಿಗುತ್ತದೆ. ಎಳೆಯನ್ನು ಚಾಕುವಿನಿಂದ ಕೆರೆದಾಗ ಬೆಳ್ಳಗೆ ಕಂಡರೆ ಅದೇ, ಆದರೆ ತವರ ಲೇಪಿಸಿದ ತಾಮ್ರ ಹೊರಗಷ್ಟೇ ಬೆಳ್ಳಗಿದ್ದು ಒಳಗೆ ಕೆಂಪಗಿರುತ್ತದೆ.

ಎಲ್ಲ ಸ್ಪೀಕರ್‌ಗಳಲ್ಲೂ ಪ್ಲಸ್‌ಗೆ ಪ್ಲಸ್ ಹೋಗಲೇಬೇಕು. ಅನುಮಾನವಿದ್ದರೆ ವೈರಿನ ತುದಿಯನ್ನು ರಿಸೀವರ್‌ನಿಂದ ಬಿಡಿಸಿ, ಪೆನ್ಸಿಲ್ ಸೆಲ್ಲಿಗೆ ಅರೆಕ್ಷಣ ತಾಗಿಸಿ: ಸೆಲ್ಲಿನ ಪ್ಲಸ್ ಸ್ಪೀಕರ್‌ನ ಪ್ಲಸ್‌ಗೆ ಹೋಗಿದ್ದರೆ ವೂಫರ್ ಹೊರಕ್ಕೆ ಜಿಗಿಯುತ್ತದೆ. ಒಂದೇ ಕೋನ್ ಇರುವ ಕೆಲವು ಚಿಕ್ಕ ಸ್ಪೀಕರ್‌ಗಳಲ್ಲಿ ಒಳಗೆ ಕೆಪಾಸಿಟರ್ ಇರುವುದರಿಂದ ಬರಿಯ ಟಿಕ್ ಸದ್ದು ಬರಬಹುದು, ಮಲ್ಟಿಮೀಟರ್‌ನಲ್ಲಿ ಓಮ್ ಅಳೆದರೂ ಏನೂ ಕಾಣದಿರಬಹುದು. ಅದು ಕೆಟ್ಟಿದೆ ಎಂದಲ್ಲ.

ಹಂತ 9: ರಿಸೀವರ್‌ನ ಸೆಟ್ಟಿಂಗ್

ಮೆನುವಿನಲ್ಲಿ ಎಲ್ಲ ಸ್ಪೀಕರ್‌ಗಳನ್ನೂ «ಸ್ಮಾಲ್» (ಕೆಳಸ್ವರ ಸಬ್‌ವೂಫರ್‌ಗೆ ಹೋಗಲಿ ಎಂಬ ಆಯ್ಕೆ) ಎಂದು ಇಡಿ, ಮೂರನೇ ಹಂತದಲ್ಲಿ ಲೆಕ್ಕ ಹಾಕಿದ ಗಡಿಯನ್ನು ಕೊಡಿ. ರಿಸೀವರ್ ತಾನಾಗಿ ಅಳೆದು «ಲಾರ್ಜ್» ಎಂದು ಬರೆದುಕೊಂಡರೂ ಬದಲಿಸಿ. ಸಬ್‌ವೂಫರ್‌ನ ಹಿಂದಿರುವ ಕ್ರಾಸ್‌ಓವರ್ ತಿರುಗುಣಿಯನ್ನು ಗರಿಷ್ಠಕ್ಕೆ ತಿರುಗಿಸಿ, ಇಲ್ಲದಿದ್ದರೆ ಎರಡು ಗಡಿಗಳು ಒಂದರ ಮೇಲೊಂದು ಬಿದ್ದು ನಡುವೆ ಸದ್ದೇ ಕಾಣೆಯಾಗುತ್ತದೆ.

ಸಬ್‌ವೂಫರ್‌ನ ಜಾಗ ಹುಡುಕಲು ಅದನ್ನು ಸೋಫಾದ ಮೇಲೆ, ನೀವು ಕೂರುವಲ್ಲಿ ಇಟ್ಟು ಬಾಸ್ ಇರುವ ಹಾಡು ಹಾಕಿ. ಗೋಡೆಗುಂಟ ಮಂಡಿಯೂರಿ ನಡೆಯುತ್ತ ಎಲ್ಲಿ ಬಾಸ್ ಸಮವಾಗಿ, ಗುಂಯ್ ಇಲ್ಲದೆ ಕೇಳುತ್ತದೋ ಅಲ್ಲಿ ಅಂಟುಪಟ್ಟಿ ಹಚ್ಚಿ ಅದನ್ನು ಇಡಿ. ಮನೆಯವರು ನಗುತ್ತಾರೆ, ನಗಲಿ. ರಿಸೀವರ್‌ನ ಸ್ವಯಂ ಅಳತೆಯ ಮೈಕನ್ನು ಕೈಯಲ್ಲಿ ಹಿಡಿಯದೆ ಕಿವಿಯ ಎತ್ತರಕ್ಕೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಫ್ಯಾನ್ ಕೂಲರ್ ಆರಿಸಿ ಅಳೆಯಿರಿ. ಟಿ.ವಿ.ಯಿಂದ ರಿಸೀವರ್‌ಗೆ ಎಆರ್‌ಸಿ ಎಂದು ಬರೆದ ಎಚ್‌ಡಿಎಂಐ ತೂತನ್ನೇ ಬಳಸಿ, ಬ್ಲೂಟೂತ್‌ನಿಂದ 5.1 ಬರುವುದಿಲ್ಲ.

ತಕ್ಷಣ ನಿಲ್ಲಿಸಬೇಕಾದ ಸೂಚನೆಗಳು

ಜೋರಾದಾಗ ಟಪ್ ಟಪ್ ಎಂದು ಕೋನ್ ಬಡಿದ ಸದ್ದು, ಸುಟ್ಟ ವಾರ್ನಿಶ್‌ನ ವಾಸನೆ, ಟ್ವೀಟರ್‌ನ ಕರ್ಕಶತೆ, ರಿಸೀವರ್‌ನಲ್ಲಿ «ಪ್ರೊಟೆಕ್ಟ್» ದೀಪ: ಇವುಗಳಲ್ಲಿ ಯಾವುದು ಕಂಡರೂ ಮೊದಲು ವಾಲ್ಯೂಮ್ ಇಳಿಸಿ, ಸ್ವಿಚ್ ಆರಿಸಿ, ವೈರಿನ ಎಳೆಗಳು ಒಂದಕ್ಕೊಂದು ತಾಗಿವೆಯೇ ನೋಡಿ. ದೀಪ ಮತ್ತೆ ಮತ್ತೆ ಬಂದರೆ ಆ ಸ್ಪೀಕರ್ ಆ ರಿಸೀವರ್‌ಗೆ ಹೊಂದುವುದಿಲ್ಲ.

ನಿರಂತರ ಗುಂಯ್ ಸದ್ದಿದ್ದರೆ ಕೇಬಲ್ ಟಿ.ವಿ.ಯ ವೈರು ತೆಗೆದು ನೋಡಿ. ನಿಂತರೆ ಕಾರಣ ಅಲ್ಲಿದೆ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಓಡುವಾಗ ಮಾತ್ರ ಗುಂಯ್ ಬಂದರೆ ಅದು ಚೌಕ ತರಂಗದ ಇನ್ವರ್ಟರ್‌ನದು, ಸ್ಪೀಕರ್‌ನದಲ್ಲ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಸಂಜೆಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್‌ನ್ನೂ ಕೇಬಲ್‌ನ್ನೂ ಕಿತ್ತಿಡಿ.